ಹರಕೆಯ ದೀಪ, ಮಾವನವರ ರೇಡಿಯೋ

ಲಕ್ವಾ ಹೊಡೆದ ಮೇಲೆ ಮಾವನವರ ಬಲಗೈ ಹೋಯಿತು, ಮಾತು ಹೋಯಿತು, ಕಡೆಗೆ ಊಟದ ಆಸೆಯೂ ಹೋಯಿತು. ಗಂಜಿಯ ಚಮಚ ತುಟಿಗೆ ಹಿಡಿದರೆ ಹಲ್ಲು ಕಚ್ಚಿಕೊಳ್ಳುತ್ತಿದ್ದರು. ಹೀಗೇ ಆದರೆ ಮೂಗಿಗೆ ನಳಿಗೆ ಹಾಕಬೇಕಾಗುತ್ತದೆ, ಈ ವಯಸ್ಸಿಗೆ ತಾಳುತ್ತಾರೋ ಇಲ್ಲವೋ ಎಂದು ಡಾಕ್ಟರು ಹೇಳಿ ಕಳಿಸಿದರು. ಕಲಬುರಗಿಯ ಆಸ್ಪತ್ರೆಯಿಂದ ನಮ್ಮೂರು ಅಫಜಲಪುರ ಮುಟ್ಟುವತನಕ ನಾನು ಭಾಗ್ಯವಂತಿ ತಾಯಿಯ ಹೆಸರು ಬಿಡಲಿಲ್ಲ.

ಅವರು ಚೂರು ಬಾಯಿ ತೆರೆಯುತ್ತಿದ್ದದ್ದು ಸಂಜೆ ಶಾರ್ಟ್‌ವೇವ್‌ನಲ್ಲಿ ಉರ್ದು ವಾರ್ತೆ ಬರುವಾಗ ಮಾತ್ರ. ಉರ್ದು ಶಾಲೆಯಲ್ಲಿ ಓದಿದವರು. ಆ ವಾರ್ತೆ ಕೇಳುತ್ತಲೇ ರೊಟ್ಟಿ ಮುರಿಯುವುದು ಅವರ ರೂಢಿ. ಟಿವಿ ಹಚ್ಚಿದೆವು, ಮೊಬೈಲ್ ಕಿವಿಗೆ ಹಿಡಿದೆವು. ಮುಖ ಗೋಡೆಗೆ ತಿರುಗಿಸಿದರು. ರೇಡಿಯೋ ಹಚ್ಚಿದರೆ ಅದರ ಸ್ಪೀಕರ್ ಹರಿದಿತ್ತು. ಅವರ ಕಿವಿಯೂ ಮಂದ. ಗೊರಗೊರ ಸಪ್ಪಳ ಸ್ವಲ್ಪ ಕೇಳಿ ಕಣ್ಣು ಮುಚ್ಚುತ್ತಿದ್ದರು, ಜೊತೆಗೆ ಬಾಯಿಯೂ ಮುಚ್ಚುತ್ತಿತ್ತು.

ಆ ತಾಯಿಯ ಗುಡಿಯಿರುವ ಘತ್ತರಗಿಗೆ ಹೋಗಿ ಹರಕೆ ಹೊತ್ತೆ: ಮಾವನವರು ಏಳುವವರೆಗೆ ನಿನ್ನ ಮುಂದೆ ದೀಪ ಆರಗೊಡುವುದಿಲ್ಲ. ರೋಗಿಯನ್ನು ನೋಡುವ ಕೈಗೆ ಬತ್ತಿ ಎಣ್ಣೆ ಕಾಯಲು ಬಿಡುವೆಲ್ಲಿ? ಗುಡಿಯ ಮುಂದಿನ ಅಂಗಡಿಯಲ್ಲಿ ಮಿಣಿಮಿಣಿ ಅನ್ನುವ ಕರೆಂಟಿನ ದೀಪ ಕೊಂಡೆ. ಅವರ ಮಂಚದ ತಲೆಗಡೆಯ ಗೂಡಿನಲ್ಲಿ ತಾಯಿಯ ಫೋಟೋ ಇಟ್ಟು ಅದನ್ನು ಹಚ್ಚಿದೆ.

ಓಣಿಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವವನು ಹಳೆಯ ಸ್ಪೀಕರ್ ಡಬ್ಬಿ ತಂದು, ಇಯರ್‌ಫೋನಿನ ತೂತಿನಿಂದ ವೈರ್ ಎಳೆದು ಕೂಡಿಸಿದ. ದನಿ ಕೋಣೆ ತುಂಬಿತು, ಅದರ ಜೊತೆ ಗೊರಗೊರವೂ ತುಂಬಿತು. ತಪ್ಪು ತನ್ನ ಡಬ್ಬಿಯದಲ್ಲ ಎಂದು ನಂಬಿಸುವುದೇ ಅವನಿಗೆ ದೊಡ್ಡ ಚಿಂತೆ.

"ವೈನಿ, ಡಬ್ಬಿ ಚಲೋ ಅದರಿ. ಒಳಗಿಂದನೇ ಶೇಂಗಾ ಹುರದಂಗ ಬಂದ್ರ ಡಬ್ಬಿ ಏನ್ ಮಾಡ್ತದ?"

ಏರಿಯಲ್‌ಗೆ ತಾಮ್ರದ ತಂತಿ ಬಿಗಿದು ಹೋದ. ಅದರ ತುದಿಯನ್ನು ನಾನೇ ದೇವರ ಗೂಡಿನ ಮೊಳೆಗೆ ಸುತ್ತಿದೆ. ತಾಯಿಯ ಹತ್ತಿರ ಇದ್ದರೆ ಒಳ್ಳೆಯದಾಗುತ್ತದೆ ಅಂತ. ಶೇಂಗಾ ಇನ್ನೂ ಜೋರಾಗಿ ಹುರಿಯತೊಡಗಿತು.

ಮರುದಿನ ಸಂಜೆ ಅವರು ಮೊದಲ ಚಮಚಕ್ಕೂ ಬಾಯಿ ಬಿಡಲಿಲ್ಲ. ಗಲ್ಲದಿಂದ ಗಂಜಿ ಇಳಿದು ಅಂಗಿ ತೊಯ್ದಿತು. ನನಗೆ ಅಳಲಿಕ್ಕೂ ತ್ರಾಣವಿರಲಿಲ್ಲ. ಗೂಡಿನ ಕಡೆ ನೋಡಿ ಅಂದೆ, "ಒಂದ್ ಗುಟುಕರೆ ಇಳಸವ್ವಾ."

ಆಗ ಕರೆಂಟ್ ಹೋಯಿತು. ಫ್ಯಾನ್ ನಿಂತಿತು, ದೀಪ ಆರಿತು. ರೇಡಿಯೋ ಶೆಲ್ಲಿನದು, ಡಬ್ಬಿಗೂ ಬೇರೆ ಕರೆಂಟ್ ಬೇಕಿರಲಿಲ್ಲ, ಎರಡೂ ನಡೆದೇ ಇದ್ದವು. ಡಬ್ಬಿಯೊಳಗಿಂದ ವಾರ್ತೆ ಓದುವವನ ದನಿ ಎದುರಿಗೆ ಕುಳಿತು ಮಾತಾಡಿದಷ್ಟು ಸ್ವಚ್ಛ ಬಂತು. ಮಾವನವರು ಕಣ್ಣು ತೆರೆದರು. ಚಮಚ ಹಿಡಿದೆ, ಬಾಯಿ ತೆರೆದರು. ಗಂಟಲು ಆಡಿದ್ದನ್ನು ಕಿಟಕಿಯ ಬೆಳಕಿನಲ್ಲಿ ಕಣ್ಣಾರೆ ಕಂಡೆ.

ಇನ್ನೊಂದು ಚಮಚ ಕೊಡುವಷ್ಟರಲ್ಲಿ ಕರೆಂಟ್ ಬಂತು, ದೀಪ ಮಿಣುಕಿತು, ಶೇಂಗಾ ಹುರಿಯಿತು. ಅವರು ಹಲ್ಲು ಕಚ್ಚಿದರು.

ತಂತಿಯನ್ನು ದೀಪದ ಮಗ್ಗುಲಿಗೆ ಸುತ್ತಿದಾಗಲೇ ಶೇಂಗಾ ಜೋರಾಗಿತ್ತು. ಸಪ್ಪಳ ದೀಪದ್ದು. ಕರೆಂಟ್ ಹೋಗಿ ಆರುವುದು ಬೇರೆ, ನನ್ನ ಕೈಯಾರೆ ಆರಿಸುವುದು ಬೇರೆ. ಪ್ಲಗ್ಗಿಗೆ ಕೈ ಹಾಕಿದ್ದನ್ನು ಕಂಡು ಬಾಗಿಲಲ್ಲಿದ್ದ ನಮ್ಮವರ ಮುಖ ಬಿಳಿಚಿತು.

"ಹರಕಿ ದೀಪ ಬೇ ಅದು. ಆರಸ್ತಿ ಏನು?"

"ಆರಸಂಗಿಲ್ರಿ. ಎಣ್ಣಿಗಿ ಬದಲಸ್ತೀನಿ."

ಹಣತೆ ತಂದೆ. ಎಣ್ಣೆ ಹೊಯ್ದು ಕಡ್ಡಿ ಗೀರಿದೆ. ಬತ್ತಿ ಹತ್ತಿಕೊಂಡ ಮೇಲೆಯೇ ಪ್ಲಗ್ ಕಿತ್ತೆ. ವಾರ್ತೆ ಮುಗಿಯಲು ಸ್ವಲ್ಪವೇ ಉಳಿದಿತ್ತು. ಆ ಸ್ವಲ್ಪದರಲ್ಲಿ ಚಮಚದ ಮೇಲೆ ಚಮಚ ಹಿಡಿದೆ, ನಮ್ಮವರು ತಲೆ ಎತ್ತಿ ಹಿಡಿದರು.

ಮಾವನವರು ಇನ್ನೂ ಎದ್ದಿಲ್ಲ. ಎಣ್ಣೆ ಕಾಯುತ್ತ ನನ್ನ ನಿದ್ದೆ ಹೋಗಿದೆ. ಅಂದು ಬಟ್ಟಲಿನಲ್ಲಿ ಅರ್ಧ ಗಂಜಿ ಉಳಿದಿತ್ತು. ಉಳಿದರ್ಧ ಅವರ ಹೊಟ್ಟೆಯಲ್ಲಿತ್ತು. ಬಟ್ಟಲು ತೊಳೆಯುವ ಮೊದಲು ತಾಯಿಗೆ ಅದನ್ನು ತೋರಿಸಿದೆ.