‘ಬಿಡತ್ತಾಗ’ ಅಂದ ಅಕ್ಕ

ಮೊನ್ನೆ ಮೇಲಿನ ಮನೆಯವರು ಗುರೆಳ್ಳು ಹುರಿಯುತ್ತಿದ್ದರು. ಈ ಮೈಸೂರು ಕಡೆ ಅದಕ್ಕೆ ಹುಚ್ಚೆಳ್ಳು ಎನ್ನುತ್ತಾರೆ. ಹೆಸರು ಯಾವುದಾದರೇನು, ವಾಸನೆ ಒಂದೇ. ಬಟ್ಟೆ ಒಣಹಾಕಲು ಹಿತ್ತಲಿಗೆ ಹೋದವನು ಒದ್ದೆ ಟವೆಲ್ಲನ್ನು ಹೆಗಲ ಮೇಲೆ ಹಾಕಿಕೊಂಡು ಅಲ್ಲೇ ನಿಂತುಬಿಟ್ಟೆ. ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿ, ತಗಡು ಹೊದಿಸಿದ ಖಾನಾವಳಿ, ಒಲೆಯ ಮುಂದೆ ಕೂತ ಅಕ್ಕ... ಎಲ್ಲ ಒಮ್ಮೆಗೇ ಬಂದವು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಟೀಪುಡಿ ಕಂಪನಿಯೊಂದರ ಸೇಲ್ಸ್‌ಮನ್ ಆಗಿದ್ದೆ. ಹರಪನಹಳ್ಳಿಯಲ್ಲಿ ಒಂದು ಬಾಡಿಗೆ ಕೋಣೆ. ಅಲ್ಲಿಂದ ದಿನಕ್ಕೊಂದು ಊರು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ... ಗುರುವಾರ ಕೊಟ್ಟೂರು. ಎರಡೂ ಕೈಗೆ ಚೀಲ ಜೋತುಹಾಕಿಕೊಂಡು ಕಿರಾಣಿ ಅಂಗಡಿಗಳ ಮೆಟ್ಟಿಲು ಹತ್ತಿ ಇಳಿಯುವುದೇ ಉದ್ಯೋಗ. ಅಂಗಡಿಯವರು ತಕ್ಕಡಿಯಿಂದ ಕಣ್ಣೆತ್ತದೆ, “ಟೀಪುಡಿ ಬಂತು ನೋಡ್ರಿ” ಅನ್ನುತ್ತಿದ್ದರು. ಬಂದ ಅಲ್ಲ, ಬಂತು. ಮೊದಮೊದಲು ನಗು ಬರುತ್ತಿತ್ತು.

ಒಂದು ದಿನ ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಹಿಂದಿನಿಂದ ಯಾರೋ “ಏ, ಟೀಪುಡಿ!” ಎಂದು ಕೂಗಿದರು. ಥಟ್ಟನೆ ತಿರುಗಿ “ಏನ್ರಿ?” ಅಂದೆ. ನನ್ನನ್ನು ಕರೆದದ್ದಲ್ಲ. ಹೋಟೆಲಿನವನು ಟೀಪುಡಿ ತರಲು ಒಳಗಿನವರಿಗೆ ಕೂಗಿ ಹೇಳಿದ್ದ. ಸುತ್ತ ನಿಂತವರು ನಕ್ಕರು, ನಾನೂ ನಕ್ಕೆ. ಬಸ್ಸು ಹತ್ತಿ ಕಿಟಕಿಗೆ ತಲೆ ಆನಿಸಿದ ಮೇಲೆ ಅಳು ಬಂದಂತಾಯಿತು. ನನ್ನ ಹೆಸರು ಹಿಡಿದು ಯಾರಾದರೂ ಕರೆದು ಎಷ್ಟು ದಿನವಾಯಿತು ಎಂದು ನೆನಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಈ ಕೆಲಸ ಸಾಕು ಅನ್ನಿಸಿದ್ದು ಅವತ್ತು.

ಸಾಕು ಅಂದುಕೊಳ್ಳುವುದೇನೋ ಸುಲಭ. ಬೇರೆ ಕೆಲಸ ಕೈಯಲ್ಲಿರಲಿಲ್ಲ. ಡಿಗ್ರಿ ಮುಗಿಸಿ ಹೊಸಪೇಟೆಯಲ್ಲಿ ಅಣ್ಣನ ಮನೆಯಲ್ಲಿ ಬಹಳ ದಿನ ಸುಮ್ಮನೆ ಕೂತು ಉಂಡವನು ನಾನು. ಅತ್ತಿಗೆ ಒಳ್ಳೆಯವರೇ. ಆದರೂ ಎರಡನೇ ಸಲ ಅನ್ನ ಹಾಕಿಸಿಕೊಳ್ಳುವಾಗ ತಾಟು ಮುಂದೆ ಸರಿಸಲು ಕೈ ಬರುತ್ತಿರಲಿಲ್ಲ. ಕೆಲಸ ಬಿಟ್ಟರೆ ಮತ್ತೆ ಅದೇ ಮನೆ, ಅದೇ ತಾಟು. ಬಿಡದಿದ್ದರೆ ಒಂದು ದಿನ ನಾನು ನಿಜಕ್ಕೂ ಟೀಪುಡಿಯೇ ಆಗಿಬಿಡುತ್ತೇನೆ ಅನ್ನಿಸುತ್ತಿತ್ತು. ಈ ಸಂಕಟ ಹೇಳಿಕೊಳ್ಳೋಣವೆಂದರೆ ನಾನು ತಿರುಗುತ್ತಿದ್ದ ಅಷ್ಟೂ ಊರುಗಳಲ್ಲಿ ನನ್ನವರೆನ್ನುವವರು ಒಬ್ಬರೂ ಇರಲಿಲ್ಲ. ಇದ್ದದ್ದು ವಾರಕ್ಕೊಮ್ಮೆ ಊಟ ಹಾಕುತ್ತಿದ್ದ ಖಾನಾವಳಿ ಅಕ್ಕ ಮಾತ್ರ.

ಅಕ್ಕನಿಗೆ ಐವತ್ತರ ಆಸುಪಾಸು. ಗಂಡ ಎಂದೋ ತೀರಿಕೊಂಡಿದ್ದರಂತೆ, ಮಕ್ಕಳಿರಲಿಲ್ಲ. ಹಣೆಯಲ್ಲಿ ವಿಭೂತಿ, ಮೊಣಕೈವರೆಗೆ ಜೋಳದ ಹಿಟ್ಟು. ನನ್ನ ಟೀಪುಡಿಯನ್ನು ಆಕೆ ಒಮ್ಮೆಯೂ ಕೊಳ್ಳಲಿಲ್ಲ. “ನಿನ್ನ ಪುಡಿ ಬಣ್ಣ ಬಿಡ್ತೈತಿ ತಮ್ಮಾ, ರುಚಿ ಬಿಡಂಗಿಲ್ಲ” ಎಂದು ಮುಖದ ಮೇಲೆ ಹೇಳಿದ್ದಳು. ಆದರೆ ಗುರುವಾರ ನಾನು ಎಷ್ಟೇ ತಡವಾಗಿ ಹೋದರೂ ನನ್ನ ಪಾಲಿನ ರೊಟ್ಟಿ ಬಟ್ಟೆಯೊಳಗೆ ಬೆಚ್ಚಗಿರುತ್ತಿತ್ತು. ಆಕೆಗೆ ನಾನು ತಮ್ಮ, ನನಗೆ ಆಕೆ ಅಕ್ಕ. ಅದಕ್ಕಿಂತ ಹೆಚ್ಚಿನ ಪರಿಚಯ ಇಬ್ಬರೂ ಕೇಳಿಕೊಳ್ಳಲಿಲ್ಲ.

ಆ ಗುರುವಾರ ಉಂಡವರೆಲ್ಲ ಎದ್ದುಹೋಗಿದ್ದರು. ಅಕ್ಕ ಹಂಚಿನ ಮೇಲೆ ಗುರೆಳ್ಳು ಹುರಿಯುತ್ತಿದ್ದಳು. ತಾಟಿನಿಂದ ಮುಖ ಎತ್ತದೆ ನಾನು ಹೇಳಿದೆ.

“ಅಕ್ಕಾ, ಕೆಲ್ಸ ಬಿಡಬೇಕಂತ ಮಾಡೀನ್ರಿ.”

“ಬ್ಯಾರೆ ಎಲ್ಲಿ ಸಿಕ್ಕೈತಿ?”

“ಎಲ್ಲೂ ಇಲ್ರಿ.”

ಆಕೆ ಗುರೆಳ್ಳಿನಲ್ಲಿ ಕೈಯಾಡಿಸುತ್ತಲೇ ಇದ್ದಳು. ನಾನು ಎಲ್ಲ ಹೇಳಿದೆ. ಬಸ್‌ಸ್ಟ್ಯಾಂಡಿನಲ್ಲಿ ತಿರುಗಿ ನೋಡಿದ್ದು, ಅಣ್ಣನ ಮನೆ, ಅತ್ತಿಗೆಯ ಅನ್ನ... ಅಷ್ಟೊಂದು ಮಾತು ಒಟ್ಟಿಗೆ ಆಡಿ ತಿಂಗಳುಗಳೇ ಆಗಿದ್ದವು. ಕೊನೆಗೆ, “ಏನ್ ಮಾಡ್ಲಿ ಹೇಳ್ರಿ ಅಕ್ಕಾ” ಎಂದು ಕೇಳಿಯೂಬಿಟ್ಟೆ. ಅಷ್ಟರಲ್ಲಿ ಗುರೆಳ್ಳು ಹೊತ್ತಿದ ವಾಸನೆ ಬಂತು. ಅಕ್ಕ ಗಡಬಡಿಸಿ ಹಂಚು ಇಳಿಸುತ್ತ, ನನ್ನ ಕಡೆ ತಿರುಗದೆ ಅಂದಳು:

“ಬಿಡತ್ತಾಗ. ಮೊದ್ಲು ಉಣ್ಣು.”

ಬಿಡತ್ತಾಗ. ನಮ್ಮ ಕಡೆ ದಿನಬೆಳಗಾದರೆ ಆಡುವ ಮಾತು. ಹಿಡಿದದ್ದನ್ನು ಬಿಟ್ಟು ಆಚೆ ನಡೆ ಎನ್ನುವುದಕ್ಕೂ ಅದೇ, ಆ ವಿಚಾರವೇ ಬೇಡ ಸುಮ್ಮನಿರು ಎನ್ನುವುದಕ್ಕೂ ಅದೇ. ಅವತ್ತು ನನ್ನ ಕಿವಿಗೆ ಬಿದ್ದದ್ದು ಒಂದೇ ಅರ್ಥ. ಹೊತ್ತಿದ ಗುರೆಳ್ಳಿನ ಹೊಗೆಯಲ್ಲಿ ಕೂತು ರೊಟ್ಟಿ ಹಾಕಿಸಿಕೊಂಡು ಉಂಡೆ. ಎದೆ ಹಗುರವಾಗಿತ್ತು. ನನ್ನ ಪರವಾಗಿ ಲೋಕದಲ್ಲಿ ಒಬ್ಬರಾದರೂ ಬಿಡು ಅಂದರಲ್ಲ! ಸಂಜೆ ಹರಪನಹಳ್ಳಿಯ ಎಸ್‌ಟಿಡಿ ಬೂತಿನಿಂದ ಮ್ಯಾನೇಜರಿಗೆ ಫೋನ್ ಮಾಡಿ ಕೆಲಸ ಬಿಟ್ಟೆ ಎಂದು ಹೇಳಿದೆ. ಆತ ಯಾಕೆ ಎಂದೂ ಕೇಳಲಿಲ್ಲ, ಚೀಲ ತಂದುಕೊಡಿ ಅಂದ.

ಆಮೇಲಿನ ದಿನಗಳು ಚೆನ್ನಾಗಿರಲಿಲ್ಲ. ಅಣ್ಣನ ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ, ಅದೇ ಕಷ್ಟವಾಗಿತ್ತು. ಮುಂದಿನ ವರ್ಷ ಗೆಳೆಯನೊಬ್ಬ ಮೈಸೂರಿನ ಪುಸ್ತಕದಂಗಡಿಗೆ ಸೇರಿಸಿದ. ಮೊದಲ ದಿನವೇ ಅಲ್ಲಿ ನನ್ನನ್ನು ಹೆಸರು ಹಿಡಿದು ಕರೆದರು. ಅಷ್ಟಕ್ಕೇ ನಾನು ಈ ಊರಿನಲ್ಲಿ ಉಳಿದುಬಿಟ್ಟೆ. ಅಕ್ಕನಿಗೆ ಒಮ್ಮೆ ಹೋಗಿ ಹೇಳಬೇಕು ಅಂದುಕೊಳ್ಳುತ್ತಿದ್ದೆ. ಆದರೆ ವಾರಕ್ಕೊಂದು ದಿನ ಬಂದು ಉಂಡು ಹೋಗುವ ಎಷ್ಟೋ ಜನರಲ್ಲಿ ನನ್ನನ್ನು ಯಾರು ನೆನಪಿಟ್ಟುಕೊಂಡಿರುತ್ತಾರೆ...

ಏಳೆಂಟು ವರ್ಷ ಕಳೆದ ಮೇಲೆ ಕೂಡ್ಲಿಗಿಯಲ್ಲಿ ಒಂದು ಮದುವೆಯಿತ್ತು. ಊಟ ಮಾಡದೆಯೇ ಕೊಟ್ಟೂರಿನ ಬಸ್ಸು ಹತ್ತಿದೆ. ಖಾನಾವಳಿ ಇದ್ದಲ್ಲಿ ಮೊಬೈಲ್ ರಿಪೇರಿ ಅಂಗಡಿ ಬಂದಿತ್ತು. ಎದುರಿನ ಸೈಕಲ್ ಅಂಗಡಿಯ ಹಿರಿಯರು ಇನ್ನೂ ಇದ್ದರು. “ಅಕ್ಕ ತೀರಿಹೋಗಿ ಭಾಳ ದಿನ ಆತ್ರಿ. ನೀವ್ಯಾರು?” ಅಂದರು.

“ಇಲ್ಲೇ ಉಣ್ತಿದ್ದೆರಿ. ಟೀಪುಡಿ ಮಾರಾಕ ಬರ್ತಿದ್ದೆ.”

ಅವರು ಕೈಯಲ್ಲಿದ್ದ ಟ್ಯೂಬನ್ನು ಕೆಳಗಿಟ್ಟರು.

“ಆ ತಮ್ಮ ನೀವೇನ್ರಿ? ನಿಮ್ಮ ಜಾಗಕ್ಕ ಹೊಸಬ ಬಂದು, ಹಿಂದಿನವ್ರು ಕೆಲ್ಸ ಬಿಟ್ರು ಅಂದಾಗ ಅಕ್ಕ ತಲಿ ಮ್ಯಾಲ ಕೈ ಹೊತ್ಕೊಂಡು ಕುಂತ್ಲು. ‘ಆ ಮಾತು ಬಿಡು ಅಂದ್ರ, ಕೆಲ್ಸಾನ ಬಿಟ್ಟು ಹೋಗ್ಯಾನಲ್ಲೋ’ ಅಂತ.”

ಆಮೇಲೆ ಆಕೆ ಸುಮ್ಮನಿರಲಿಲ್ಲವಂತೆ. ಉಣ್ಣಲು ಬಂದ ಡ್ರೈವರುಗಳನ್ನು, ಮೇಷ್ಟ್ರುಗಳನ್ನು, ವ್ಯಾಪಾರಸ್ಥರನ್ನು, ಯಾರನ್ನೂ ಬಿಡದೆ, “ನನ್ನ ತಮ್ಮ ಒಬ್ಬ ಅದಾನ, ಓದಿದಾಂವ, ಎಲ್ಲ್ಯಾರ ಒಂದು ಕೆಲ್ಸ ನೋಡ್ರಿ” ಎಂದು ಕೇಳುತ್ತಿದ್ದಳಂತೆ.

“ಹರಪನಹಳ್ಳಿ ಮೆಕ್ಕೆಜೋಳದ ಸಾಹುಕಾರ್ರೊಬ್ರು ಕಳಿಸವ್ವಾ ಅಂದಿದ್ರು ನೋಡ್ರಿ. ಆಕಿ ಎಲ್ಲಿಗೆ ಹೇಳಿ ಕಳಿಸ್ಬೇಕು? ನಿಮ್ಮ ಹೆಸ್ರು ಗೊತ್ತಿಲ್ಲ, ಊರು ಗೊತ್ತಿಲ್ಲ. ಆ ಹೊಸಬಗೂ ಗೊತ್ತಿರ್ಲಿಲ್ಲ.”

ಕೆಲಸ ಬಿಟ್ಟದ್ದಕ್ಕೆ ನಾನು ಇವತ್ತಿಗೂ ಪಶ್ಚಾತ್ತಾಪ ಪಟ್ಟಿಲ್ಲ. ಕೆಲಸ ಬಿಡು ಎನ್ನುವ ಅರ್ಥವನ್ನೇ ಕೇಳಿಸಿಕೊಳ್ಳಬೇಕೆಂದು ನನ್ನ ಕಿವಿ ಕಾದಿತ್ತು. ಆದರೆ ನಾನು ಯಾರಿಗೂ ಬೇಡದವನೆಂದು ಅಣ್ಣನ ಮನೆಯ ಮೂಲೆಯಲ್ಲಿ ಕೂತಿದ್ದಾಗ, ಒಬ್ಬಾಕೆ ರೊಟ್ಟಿ ಬಡಿಯುತ್ತ ಬಂದಬಂದವರಲ್ಲಿ ನನ್ನ ಮಾತೇ ಆಡುತ್ತಿದ್ದಳು. ಅದು ನನಗೆ ಗೊತ್ತೇ ಇರಲಿಲ್ಲ...

ಮೊನ್ನೆ ಹೆಗಲ ಮೇಲಿನ ಟವೆಲ್ಲು ಅರ್ಧ ಒಣಗುವವರೆಗೆ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಮೇಲಿನ ಮನೆಯವರು ಮಹಡಿಯಿಂದ ಹೆಸರು ಹಿಡಿದು ಕರೆದು, ಒಂದು ಬಟ್ಟಲು ಗುರೆಳ್ಳು ಪುಡಿ ಕೊಟ್ಟರು. ಅನ್ನಕ್ಕೆ ಕಲಸಿಕೊಂಡು ಒಬ್ಬನೇ ಕೂತು ಉಂಡೆ. ಚೆನ್ನಾಗಿತ್ತು, ಸ್ವಲ್ಪವೂ ಹೊತ್ತಿರಲಿಲ್ಲ. ಅಷ್ಟು ಗುರುವಾರಗಳಲ್ಲಿ ಒಂದು ದಿನವಾದರೂ ಅಕ್ಕನಿಗೆ ನನ್ನ ಹೆಸರು ಹೇಳಬೇಕಿತ್ತು.