ಎರಡರಲ್ಲೂ ಕೆಂಪು ಹೂವು

ಎರಡು ಪೊಟ್ಟಣಗಳಲ್ಲೂ ನಾನು ಕೆಂಪು ಹೂವನ್ನೇ ಇಟ್ಟಿದ್ದೆ. ಒಂದರಲ್ಲಿ ಬಿಳಿಯದು ಇರಬೇಕಿತ್ತು. ಸ್ನಾನ ಮಾಡಿ, ಮಡಿ ಸೀರೆ ಉಟ್ಟು, ದೀಪ ಹಚ್ಚಿ, ದೇವರ ಮುಂದೆಯೇ ಕುಳಿತು ನನ್ನ ಒಡಹುಟ್ಟಿದ ಅಣ್ಣನಿಗೆ ಮೋಸ ಮಾಡಿದೆ — ಆ ಮೋಸವನ್ನು ಅವನ ಪುಟ್ಟ ಮಗಳ ಕೈಯಿಂದಲೇ ಮಾಡಿಸಿದೆ.

ಹೇಳಿಬಿಟ್ಟೆ. ಹೇಳಿದರೆ ಎದೆ ಹಗುರವಾಗುತ್ತದೆ ಎನ್ನುತ್ತಾರೆ. ನನಗೇನೂ ಆಗುತ್ತಿಲ್ಲ.

ನಮ್ಮ ಕಡೆ ಹೂ ಕೇಳುವ ಪದ್ಧತಿ ಇದೆ. ಮನುಷ್ಯರ ಬುದ್ಧಿಗೆ ನಿಲುಕದ್ದು ಏನಾದರೂ ಎದುರಾದರೆ ಬಾಳೆಲೆಯ ಎರಡು ತುಂಡು ತೆಗೆದು, ಒಂದರಲ್ಲಿ ಬಿಳಿಯ ನಂದಿಬಟ್ಟಲು, ಇನ್ನೊಂದರಲ್ಲಿ ಕೆಂಪು ಕೇಪಳ ಇಟ್ಟು, ಬಾಳೆನಾರಿನಿಂದ ಒಂದೇ ರೀತಿ ಕಟ್ಟಿ ದೇವರ ಮುಂದಿಡುತ್ತಾರೆ. ಮನೆಯ ಸಣ್ಣ ಮಗು ಒಂದನ್ನು ಎತ್ತಬೇಕು. ಬಿಳಿ ಬಂದರೆ ಹೊರಡು, ಕೆಂಪು ಬಂದರೆ ಬೇಡ. ಉಳಿದ ಪೊಟ್ಟಣವನ್ನು ಬಿಚ್ಚಬಾರದು, ಹಾಗೆಯೇ ಗಿಡದ ಬುಡಕ್ಕೆ ಹಾಕಬೇಕು. ಇದು ನಮ್ಮ ಅಮ್ಮನ ಕಟ್ಟಳೆ. ದೇವರು ಹೇಳಿದ ಮೇಲೆ ಇನ್ನೊಂದರಲ್ಲಿ ಏನಿತ್ತೆಂದು ನೋಡುವುದು ದೇವರನ್ನೇ ಪರೀಕ್ಷಿಸಿದಂತೆ ಎನ್ನುತ್ತಿದ್ದಳು. ದಿವಾಕರಣ್ಣ ಡಾಕ್ಟರಿಕೆಯ ಮೇಲಿನ ಓದಿಗೆ ಐರ್ಲೆಂಡಿಗೆ ಹೋಗುವ ಮೊದಲು ಅಮ್ಮ ಹಾಗೆಯೇ ಕೇಳಿದ್ದಳು. ಆಗ ಪೊಟ್ಟಣ ಎತ್ತಿದವಳು ನಾನು. ಬಿಳಿ ಬಂದಿತ್ತು.

ಆ ಕಟ್ಟಳೆ ಇಲ್ಲದಿದ್ದರೆ ನನಗೆ ಧೈರ್ಯ ಬರುತ್ತಿರಲಿಲ್ಲವೇನೋ — ಇಲ್ಲ, ಹಾಗೆ ಬರೆಯಬಾರದು. ಕಟ್ಟಳೆಯ ತಪ್ಪಲ್ಲ ಅದು.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮದುವೆಯಾಗಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಕಾಪುವಿನಲ್ಲಿ ದೊಡ್ಡಣ್ಣನ ಮನೆಯಲ್ಲಿದ್ದೆ. ಆ ಮನೆಯಲ್ಲಿ ನನಗೆ ಹೆಸರಿರಲಿಲ್ಲ. ಯಾರಾದರೂ "ಏ" ಎಂದರೆ ಅದು ನಾನು. ಸಮುದ್ರದಾಚೆ, ಕ್ವಾಲಾಲಂಪುರದ ಕಡೆಯ ಮೆಲಾಕಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ದಿವಾಕರಣ್ಣನ ಹೆಂಡತಿ ಕಾಯಿಲೆಯಿಂದ ತೀರಿಕೊಂಡಾಗ, ಮಗುವನ್ನು ನೋಡಿಕೊಳ್ಳಲು ಅವನು ನನ್ನನ್ನು ಕರೆಸಿಕೊಂಡ. ಮಗು ರಶ್ಮಿಗೆ ಆಗ ನಾಲ್ಕು ವರ್ಷ. ಬಂದ ದಿನವೇ ಅಣ್ಣ ಅಡುಗೆಮನೆಯ ಕಪಾಟಿನ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟು, "ಇನ್ನು ಇದು ನಿನ್ನ ಮನೆ, ಸುಗುಣಾ" ಎಂದ. ಅಷ್ಟು ವಯಸ್ಸಾಗುವವರೆಗೆ ನನಗೆ ಯಾರೂ ಆ ಮಾತು ಹೇಳಿರಲಿಲ್ಲ.

ರಶ್ಮಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಹೊಟ್ಟೆ ತುಂಬಿದಾಗ ಮಾತ್ರ, ಅಲ್ಲಿಯವರ ಮಾತಿನ 'ಲಾ' ಸೇರಿಸಿ, "ಸಾಕು ಲಾ, ಅತ್ತೆ" ಎನ್ನುತ್ತಿದ್ದಳು. ಪಕ್ಕದ ಮನೆಯ ತಮಿಳಿನ ಪಾರ್ವತಿ ಅಕ್ಕನ ಬೇಲಿಯಲ್ಲಿ ಕೇಪಳ ಇತ್ತು, ಅಂಗಳದಲ್ಲಿ ನಂದಿಬಟ್ಟಲು ಇತ್ತು. ದಿನಾ ಪೂಜೆಗೆ ಅಲ್ಲಿಂದಲೇ ಕೊಯ್ದು ತರುತ್ತಿದ್ದೆ. ನನಗೆ ಬೇರೇನೂ ಬೇಕಿರಲಿಲ್ಲ.

ತೊಂಬತ್ತೇಳನೆಯ ಇಸವಿಯ ಜೂನ್. ಐರ್ಲೆಂಡಿನಲ್ಲಿ ಚುನಾವಣೆ ಮುಗಿದಿತ್ತು. ಆ ದೇಶದ ಚುನಾವಣೆಗೂ ನನಗೂ ಏನು ಸಂಬಂಧ? ಆದರೆ ಅಲ್ಲಿ ಅಣ್ಣನಿಗೆ ಡೆಕ್ಲನ್ ಎಂಬ ಗೆಳೆಯನಿದ್ದ. ಅಣ್ಣ ಓದು ಮುಗಿಸಿ ಸರ್ಜನ್ ಆಗಿ ಕೆಲಸ ಮಾಡಿದ ಸಣ್ಣ ಊರಿನ ಡಾಕ್ಟರ್ ಅವನು. ಆ ಊರಿನ ಆಸ್ಪತ್ರೆಯಲ್ಲಿ ಸರ್ಜರಿ ವಾರ್ಡನ್ನು ಮುಚ್ಚುತ್ತಾರೆ ಎಂದಾದಾಗ, ಯಾವ ಪಕ್ಷದ ಹಂಗೂ ಇಲ್ಲದೆ ತಾನೇ ಚುನಾವಣೆಗೆ ನಿಂತು ಗೆದ್ದಿದ್ದ. ಅವನಿಗೆ ಅಣ್ಣ ಕಲಿಸಿದ್ದ ಕನ್ನಡ ಎರಡೇ ಶಬ್ದ. ಫೋನು ನಾನು ಎತ್ತಿದರೆ ಮೊದಲು "ಊಟ ಆಯ್ತಾ?" ಎನ್ನುತ್ತಿದ್ದ. ಅವನಿಗೆ ಬೆಳಿಗ್ಗೆಯಾದಾಗ ನಮಗೆ ಸಂಜೆ. ನಾನು "ಆಯ್ತು" ಎಂದು ನಗುತ್ತ ಅಣ್ಣನಿಗೆ ಕೊಡುತ್ತಿದ್ದೆ.

ಅಲ್ಲಿ ಯಾರಿಗೂ ಬಹುಮತ ಬಂದಿರಲಿಲ್ಲ. ದೊಡ್ಡ ಪಕ್ಷವೊಂದು ಸಣ್ಣ ಪಕ್ಷವೊಂದನ್ನು ಜೊತೆಗೆ ಸೇರಿಸಿಕೊಂಡರೂ ಕೆಲವೇ ಮಂದಿ ಕಡಿಮೆ ಬೀಳುತ್ತಿದ್ದರು. ಸ್ವತಂತ್ರರಾಗಿ ಗೆದ್ದವರನ್ನು ಹುಡುಕಿಕೊಂಡು ಹೋಗುತ್ತಿದ್ದರು. ಅಣ್ಣನ ಕಾಲೇಜಿನಲ್ಲೇ ಪಾಠ ಹೇಳುತ್ತಿದ್ದ ಧಾರವಾಡದ ಇಕ್ಬಾಲ್ ಸರ್ ಸಂಜೆ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ರೊಟ್ಟಿ ಕಟ್ಟಿಸಿಕೊಂಡು ಬಂದು ಇದನ್ನೇ ಮಾತಾಡುತ್ತಿದ್ದರು.

"ಏನ್ರೀ ಡಾಕ್ಟ್ರ, ನಿಮ್ಮ ದೋಸ್ತ ಈಗ ಸರ್ಕಾರ ಮಾಡಾಂವ ಆಗ್ಯಾನಂತಲ್ರೀ! ಹಿಂದ ಪಾರ್ಟಿ ಇಲ್ಲ, ಮುಂದ ಪಾರ್ಟಿ ಇಲ್ಲ. ಎರಡೂ ಕಡೆಯವ್ರು ಬಂದು ಬಾಗಲಾ ಬಡಿಯಾಕತ್ತಾರ."

"ಬಡೀಲಿಕ್ಕೆ ಎಂತ ಉಂಟು ಮಾರಾಯ್ರೇ, ಟೀ ಕುಡ್ದು ಹೋದ್ರಂತೆ," ಎಂದು ಅಣ್ಣ ನಕ್ಕ. "ಅವ ಕೇಳಿದ್ದು ಒಂದೇ. ವಾರ್ಡ್ ಮುಚ್ಚಬಾರ್ದು. ಅಷ್ಟು ಬರ್ದು ಕೊಟ್ರೆ ಅವ್ರ ಪರ ಕೈ ಎತ್ತುತ್ತಾನಂತೆ."

"ಬರೇ ವಾರ್ಡ? ನಮ್ಮ ಕಡೆ ಆಗಿದ್ರ ಮಂತ್ರಿಗಿರಿ ಕೇಳ್ತಿದ್ರು, ಮ್ಯಾಲೆ ಅಳಿಯಗೊಂದು ನೌಕರಿ. ಹುಚ್ಚ ಅದಾನ್ರೀ ನಿಮ್ಮ ಡೆಕ್ಲನ್ನಾ!"

ನಾನು ಚಾ ಸೋಸುತ್ತ ನಗುತ್ತಿದ್ದೆ. ದೂರದ ಊರಿನ ಆಟ ಎಂದುಕೊಂಡಿದ್ದೆ. ಒಂದು ಮಾತ್ರ ಗಮನಿಸಿದ್ದೆ — ಆ ದಿನಗಳಲ್ಲಿ ಅಣ್ಣ ಕುಳಿತಲ್ಲಿಯೇ ನನ್ನ ಹೊಲಿಗೆ ಡಬ್ಬಿಯ ನೂಲು ತೆಗೆದು, ಕುರ್ಚಿಯ ಕೈಗೆ ಸುತ್ತಿ, ಒಂದೇ ಕೈಯಲ್ಲಿ ಗಂಟು ಹಾಕುತ್ತಿದ್ದ. ಸರ್ಜನ್ನುಗಳು ಹಾಕುವ ಗಂಟು. ಮೆಲಾಕಾಕ್ಕೆ ಬಂದ ಮೇಲೆ ಅವನು ಪಾಠ ಹೇಳುತ್ತಿದ್ದನೇ ಹೊರತು ಆಪರೇಷನ್ ಮಾಡುತ್ತಿರಲಿಲ್ಲ. ಏಕೆಂದು ನಾನು ಕೇಳಿರಲಿಲ್ಲ. ಬೆರಳುಗಳು ಎಷ್ಟು ಚುರುಕಾಗಿ ಓಡುತ್ತಿದ್ದವು! ಅತ್ತಿಗೆ ತೀರಿದ ಮೇಲೆ ಅವನು ಸಿಳ್ಳೆ ಹಾಕಿದ್ದನ್ನು ನಾನು ಕೇಳಿದ್ದು ಆ ವಾರದಲ್ಲಿ ಮಾತ್ರ.

ಆಮೇಲೆ ಒಂದು ಸಂಜೆ ಫೋನಿಟ್ಟು ಅಡುಗೆಮನೆಗೆ ಬಂದ.

"ಸುಗುಣಾ, ಡೆಕ್ಲನ್ ನನ್ನನ್ನು ಕರೀತಿದ್ದಾನೆ."

ದೊಡ್ಡ ಪಕ್ಷದವರು ಡೆಕ್ಲನ್ನನಿಗೆ ಹೇಳಿದ್ದರಂತೆ: ವಾರ್ಡ್ ಮುಚ್ಚುವುದು ನಮ್ಮ ಹಟದಿಂದಲ್ಲ, ಆ ಮೂಲೆಗೆ ಯಾವ ಸರ್ಜನ್ನೂ ಬಂದು ನಿಲ್ಲುವುದಿಲ್ಲ. ಬಂದು ನಿಲ್ಲುವವನ ಹೆಸರು ಕೊಡು, ನಾವು ಸಹಿ ಹಾಕುತ್ತೇವೆ. ಅವನು ಕೊಡಬಹುದಾದ ಹೆಸರು ಒಂದೇ — ನನ್ನ ಅಣ್ಣನದು. ಸದನ ಸೇರುವುದರೊಳಗೆ ಉತ್ತರ ಬೇಕಿತ್ತು.

"ರಶ್ಮಿಯನ್ನು ಕರ್ಕೊಂಡು ಹೋಗ್ತೇನೆ," ಎಂದ ಅಣ್ಣ. "ನಿಂಗೆ ಅಲ್ಲಿಯ ಚಳಿ ತಡೀಲಿಕ್ಕೆ ಆಗ್ಲಿಕ್ಕಿಲ್ಲ. ನೀನು ಸ್ವಲ್ಪ ದಿನ ಊರಲ್ಲಿ ದೊಡ್ಡಣ್ಣನೊಟ್ಟಿಗೆ ಇರು. ಆಮೇಲೆ ನೋಡುವ."

ಆಮೇಲೆ ನೋಡುವ. ಈ ಎರಡು ಶಬ್ದಗಳನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದೇನೆ. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವನು ನಿಜವಾಗಿಯೂ ನೋಡುತ್ತಿದ್ದನೇನೋ. ನನಗೆ ಮಾತ್ರ ಕಾಪುವಿನ ಮನೆಯ ಹಿಂಬಾಗಿಲು ಕಂಡಿತು, ಬಚ್ಚಲ ಒಲೆಯ ಹೊಗೆ ಕಂಡಿತು, "ಏ" ಎಂದು ಯಾರೋ ಕರೆದದ್ದು ಕೇಳಿಸಿತು.

"ನಂಗೆ ಇದು ಬಗೆಹರಿಯುದಿಲ್ಲ," ಎಂದು ಅಣ್ಣ ಮುಂದುವರಿಸಿದ. "ಹೋಗ್ಬೇಕು ಅಂತ ಆಸೆ ಉಂಟು. ಹೆದರಿಕೆಯೂ ಉಂಟು. ಅಮ್ಮ ಕೇಳಿದ ಹಾಗೆ ಹೂ ಕೇಳುವ. ನಾಳೆ ಬೆಳಿಗ್ಗೆ ನೀನೇ ಕಟ್ಟಿಡು."

ಏನು ಹೆದರಿಕೆ ಅಣ್ಣ, ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ನನ್ನ ಹೆದರಿಕೆಯೇ ನನಗೆ ದೊಡ್ಡದಾಗಿತ್ತು.

ಮರುದಿನ ಬೆಳಿಗ್ಗೆ ಪಾರ್ವತಿ ಅಕ್ಕನ ಅಂಗಳಕ್ಕೆ ಹೋದೆ. ಕೇಪಳವನ್ನೂ ಕೊಯ್ದೆ, ನಂದಿಬಟ್ಟಲನ್ನೂ ಕೊಯ್ದೆ. ದೇವರ ಕೋಣೆಯವರೆಗೂ ಎರಡೂ ಬುಟ್ಟಿಯಲ್ಲಿದ್ದವು. ಆವರೆಗೂ ನಾನು ಏನೂ ಯೋಚಿಸಿರಲಿಲ್ಲ ಎಂದು ಬರೆಯಲು ಮನಸ್ಸಾಗುತ್ತಿದೆ, ಆದರೆ ಅದು ಸುಳ್ಳು. ಕೊಯ್ಯುವಾಗಲೇ ಕೇಪಳದ ಗೊಂಚಲು ಎರಡು ತೆಗೆದಿದ್ದೆ. ಒಂದು ಪೊಟ್ಟಣ ಕಟ್ಟಿದೆ. ಎರಡನೆಯ ಎಲೆ ಬಿಡಿಸಿದೆ. ಕೈ ನಡುಗಲಿಲ್ಲ. ನಡುಗಿದ್ದರೆ ಇಂದು ಹೇಳಿಕೊಳ್ಳಲು ಅಷ್ಟಾದರೂ ಇರುತ್ತಿತ್ತು. ಬಿಳಿ ಹೂವನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡೆ.

ಅಣ್ಣ ಮಿಂದು ಬಂದು ಕೈಮುಗಿದು ನಿಂತ. ರಶ್ಮಿ ಶಾಲೆಯ ಬಟ್ಟೆಯಲ್ಲಿದ್ದಳು. "ಅತ್ತೆ, ವಿಚ್ ವನ್?" ಎಂದು ಪಿಸುಗುಟ್ಟಿದಳು.

"ನಿಂಗೆ ಯಾವ್ದು ಬೇಕೋ ಅದನ್ನು ತೆಗಿ ಮಗಾ," ಎಂದೆ.

ನಾನು ಆ ಮಾತು ಹೇಳಿದೆ. ಯಾವುದು ಬೇಕೋ ಅದನ್ನು.

ಅವಳು ತುಂಬ ಹೊತ್ತು ಯೋಚಿಸಿದಳು. ಒಂದರ ಮೇಲೆ ಕೈಯಿಟ್ಟು, ತೆಗೆದು, ಇನ್ನೊಂದನ್ನು ಎತ್ತಿದಳು. ಅಣ್ಣ ಬಿಚ್ಚಿದ. ಕೆಂಪನ್ನು ನೋಡಿದ ಅವನ ಮುಖದಲ್ಲಿ ನಿರಾಸೆ ಬರುತ್ತದೆಂದು ನಾನು ಕಾದಿದ್ದೆ. ಬಂದದ್ದು ನಿರಾಸೆಯಲ್ಲ. ಬಹಳ ದಿನದಿಂದ ಕಾಯುತ್ತಿದ್ದ ಶಿಕ್ಷೆಯನ್ನು ಕೊನೆಗೆ ಯಾರೋ ಓದಿ ಹೇಳಿದಂತೆ ತಲೆ ತಗ್ಗಿಸಿದ. "ಸರಿ," ಎಂದ. ಅಷ್ಟೇ. ಉಳಿದ ಪೊಟ್ಟಣವನ್ನು ನಾನು ಕರಿಬೇವಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಿದೆ.

ಸಂಜೆ ಫೋನು ಬಂತು. ನಾನೇ ಎತ್ತಿದೆ. "ಊಟ ಆಯ್ತಾ?" ಎಂದ ಡೆಕ್ಲನ್. ನಾನು "ಆಯ್ತು" ಎಂದೆ. ಅಣ್ಣ ಮಾತಾಡಿದ್ದರಲ್ಲಿ ನನಗೆ ಅರ್ಥವಾದದ್ದು 'ಸಾರಿ' ಎಂಬುದೊಂದೇ. ಅದನ್ನು ಅವನು ಮತ್ತೆ ಮತ್ತೆ ಹೇಳಿದ.

ಮುಂದಿನದನ್ನು ಇಕ್ಬಾಲ್ ಸರ್ ಬಾಯಿಂದ ಕೇಳಿ ತಿಳಿದೆ. ಹೆಸರು ಕೊಡಲಾಗದ ಡೆಕ್ಲನ್ನನಿಗೆ ವಾರ್ಡಿನ ಬದಲು ಊರಿಗೊಂದು ರಸ್ತೆ ಕೊಡುತ್ತೇವೆ ಎಂದರಂತೆ. ಬರಿಗೈಯಲ್ಲಿ ಹೋಗುವುದಕ್ಕಿಂತ ಅದಾದರೂ ಸಿಗಲಿ ಎಂದು ಅವನು ಅವರ ಪರವಾಗಿ ಕೈ ಎತ್ತಿದ. ಸರ್ಕಾರ ಆಯಿತು. ವಾರ್ಡು ಮುಚ್ಚಿತು. ವಾರ್ಡು ಮಾರಿ ರಸ್ತೆ ತಂದವನು ಎಂದು ಊರಿನವರು ಅವನನ್ನು ಆಡಿಕೊಂಡರು. ಮುಂದಿನ ಚುನಾವಣೆಯಲ್ಲಿ ಸೋತ. ಫೋನು ಮಾಡುವುದನ್ನೂ ನಿಲ್ಲಿಸಿದ. ಆ ರಸ್ತೆಯಲ್ಲಿ ಎಷ್ಟು ಮಂದಿ ರೋಗಿಗಳನ್ನು ದೂರದ ಆಸ್ಪತ್ರೆಗೆ ಸಾಗಿಸಿದರೋ, ಎಷ್ಟು ಮಂದಿ ಜೀವಂತವಾಗಿ ಮುಟ್ಟಿದರೋ — ನನಗೆ ಗೊತ್ತಿಲ್ಲ. ನಾನು ಯಾರ ಮುಖವನ್ನೂ ಕಂಡವಳಲ್ಲ.

ಆ ವರ್ಷದ ಕೊನೆಯಲ್ಲಿ ಕಾಡಿನ ಬೆಂಕಿಯ ಹೊಗೆ ಬಂದು ಮೆಲಾಕಾದ ಆಕಾಶವನ್ನೆಲ್ಲ ಮುಚ್ಚಿತ್ತು. ಕಿಟಕಿ ಹಾಕಿಕೊಂಡು ಕೂರುತ್ತಿದ್ದೆವು. ಅಣ್ಣ ಕುರ್ಚಿಯಲ್ಲಿರುತ್ತಿದ್ದ, ಕೈಗಳು ಮಡಿಲಲ್ಲಿ. ನನ್ನ ನೂಲಿನ ಡಬ್ಬಿಯನ್ನು ಅವನು ಮತ್ತೆ ಮುಟ್ಟಲಿಲ್ಲ. ನಾನು ಬಯಸಿದ್ದೆಲ್ಲ ನನಗೆ ಸಿಕ್ಕಿತ್ತು — ಅದೇ ಮನೆ, ಅದೇ ಕಪಾಟು, ಅದೇ ಬೀಗದ ಕೈ. ಎದುರಿಗೆ ಕುಳಿತವನಲ್ಲಿ ಮೊದಲಿನ ಅಣ್ಣ ಮಾತ್ರ ಇರಲಿಲ್ಲ.

ಅವನ ಹೆದರಿಕೆ ಏನೆಂದು ನನಗೆ ತಿಳಿದದ್ದು ಅವನ ಕೊನೆಯ ಕಾಯಿಲೆಯಲ್ಲಿ. ಡೆಕ್ಲನ್ನನ ಊರಿನಲ್ಲಿ, ಅಣ್ಣನ ಕೈಯಲ್ಲಿ, ಪಿತ್ತಕೋಶದ ಆಪರೇಷನ್ನಿನಲ್ಲಿ ಇಬ್ಬರು ಮಕ್ಕಳ ತಾಯಿಯೊಬ್ಬಳು ತೀರಿಕೊಂಡಿದ್ದಳು. ತಪ್ಪು ಅವನದೇ ಎಂದು ಅವನು ನಂಬಿದ್ದ. ಅದಾದ ಮೇಲೆ ಆಪರೇಷನ್ನಿನ ಕತ್ತಿ ಹಿಡಿಯದೆ ಆ ದೇಶವನ್ನೇ ಬಿಟ್ಟು ಬಂದಿದ್ದ. ಅದೇ ಊರು ತನ್ನನ್ನು ಮತ್ತೆ ಕರೆದಾಗ, ಕ್ಷಮೆ ಸಿಕ್ಕಿತೇನೋ ಎಂದು ಅವನಿಗೆ ಅನ್ನಿಸಿತ್ತು.

"ಆದ್ರೆ ದೇವರು ಮರ್ತಿರ್ಲಿಲ್ಲ ನೋಡು, ಸುಗುಣಾ," ಎಂದ. "ಕೆಂಪು ಬಂತು. ಅದು ಸರಿಯೇ."

ಆಗ ನಾನು ಅವನ ಪಕ್ಕದಲ್ಲಿ ಕುಳಿತಿದ್ದೆ. ಅವನ ಕೈ ನನ್ನ ಕೈಯಲ್ಲಿತ್ತು. ನಿಜ ಬಾಯಿಯವರೆಗೆ ಬಂತು. ಈಗ ಹೇಳಿದರೆ ಸಾಯುವವನಿಗೆ ಇನ್ನೊಂದು ನೋವು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ, ಅವನು ನನ್ನ ಕೈ ಬಿಟ್ಟುಬಿಟ್ಟರೆ ಎಂದು ಹೆದರಿದೆ. ಒಂದೇ ಮಾತಿನಲ್ಲಿ ಅವನ ತಲೆಯ ಮೇಲಿದ್ದ ದೇವರ ಶಾಪವನ್ನು ತೆಗೆಯಬಹುದಿತ್ತು — ದೇವರು ಏನೂ ಹೇಳಿರಲಿಲ್ಲ ಅಣ್ಣ, ಹೇಳಿದ್ದು ನಾನು. ಹೇಳಲಿಲ್ಲ. ಅವನು ಹಾಗೆಯೇ ಹೋದ. ಹೂವಿನದು ಮೊದಲ ಪಾಪ. ಇದು ಅದಕ್ಕಿಂತ ದೊಡ್ಡದು.

ಈಗ ನಾನು ಕ್ವಾಲಾಲಂಪುರದ ಮಾಂಟ್ ಕಿಯಾರಾದಲ್ಲಿ ರಶ್ಮಿಯ ಮನೆಯಲ್ಲಿದ್ದೇನೆ. ನನಗೊಂದು ಕೋಣೆ ಕೊಟ್ಟಿದ್ದಾಳೆ, ಒಳ್ಳೆಯ ಕಿಟಕಿ ಇದೆ. ಅವಳು ಏನನ್ನೂ ತಾನಾಗಿ ಆರಿಸುವುದಿಲ್ಲ. ಸೀರೆ ಕೊಳ್ಳುವಾಗಲೂ ಗಂಡನ ಮುಖ ನೋಡುತ್ತಾಳೆ. ಅದು ಅವಳ ಸ್ವಭಾವ ಎಂದು ನಾನು ನಂಬಿಕೊಂಡಿದ್ದೆ. ನಂಬಿಕೊಳ್ಳುವುದು ನನಗೆ ಸುಲಭವಾಗಿತ್ತು.

ಈ ವಾರ ಡಾಕ್ಟರು ಅವಳ ಗರ್ಭಕೋಶದಲ್ಲಿ ಗಡ್ಡೆ ಇದೆ ಎಂದರು. ಆಪರೇಷನ್ ಈಗಲೇ ಮಾಡಿಸಬಹುದು, ಸ್ವಲ್ಪ ಕಾಯಲೂಬಹುದು, ನಿರ್ಧಾರ ನಿಮ್ಮದು ಎಂದರಂತೆ. ಇವತ್ತು ಬೆಳಿಗ್ಗೆ ಅವಳು ಬಂದು ನನ್ನ ಮಂಚದ ಅಂಚಿನಲ್ಲಿ ಕುಳಿತಳು.

"ಅತ್ತೆ, ನಾಳೆ ಹೂ ಕೇಳೋಣ. ಅಪ್ಪನಿಗೆ ಮಾಡಿದ್ರಲ್ಲ, ಹಾಗೆ." ಆಮೇಲೆ ತನ್ನ ಕೈಯನ್ನು ನೋಡಿಕೊಂಡಳು. "ಬಟ್ ಯೂ ಪಿಕ್, ಅತ್ತೆ. ನಾನು ಬೇಡ. ಅಪ್ಪನಿಗೆ ನಾನು ರಾಂಗ್ ಒಂದನ್ನು ತೆಗ್ದೆ. ನನ್ನ ಕೈ ಒಳ್ಳೇದಲ್ಲ."

ಇಷ್ಟು ವರ್ಷ. ಏಳು ವರ್ಷದ ಮಗುವಾಗಿದ್ದಾಗಿನಿಂದ ಇಲ್ಲಿಯವರೆಗೆ, ಅವಳು ಆ ಕೈಯನ್ನು ಹೊತ್ತುಕೊಂಡು ತಿರುಗಿದ್ದಾಳೆ. ನಾನು ಅದೇ ಕೈಗೆ ದಿನಾ ಅನ್ನದ ತಟ್ಟೆ ಕೊಟ್ಟಿದ್ದೇನೆ.

ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಬರೆದದ್ದನ್ನು ಅವಳ ಮುಂದೆ ಇಟ್ಟು ತಪ್ಪಿಸಿಕೊಳ್ಳಲು ನನಗೆ ದಾರಿಯಿಲ್ಲ. ಬಾಯಿಯಿಂದಲೇ ಹೇಳಬೇಕು. ಇಲ್ಲಿ ಬರೆದದ್ದು, ನಾಳೆ ನನ್ನ ನಾಲಿಗೆ ಮತ್ತೆ ಹಿಂದೆ ಸರಿಯದಿರಲಿ ಎಂದು. ನಾಳೆ ನಾನು ಹೂ ಕೊಯ್ಯುವುದಿಲ್ಲ. ಅವಳು ಎದ್ದು ಬಂದಾಗ ಅವಳನ್ನು ಕೂರಿಸಿ, ಅಪ್ಪನ ವಿಷಯವನ್ನೂ ಅವಳ ಕೈಯ ವಿಷಯವನ್ನೂ ಒಂದನ್ನೂ ಬಿಡದೆ ಹೇಳುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅವಳು ಕ್ಷಮಿಸಿಬಿಡುತ್ತಾಳೆ, ಅವಳಿಗೆ ಬೇರೇನೂ ಗೊತ್ತಿಲ್ಲ.

ಅದಾದ ಮೇಲೆ ಈ ಮನೆಯಲ್ಲಿ ನಾನು ಇರಬೇಕೋ ಹೋಗಬೇಕೋ, ಅದನ್ನು ಅವಳೇ ಹೇಳಲಿ.