ಜರಿ ಫೇಟಾ ಸುತ್ತಿಕೊಂಡ ಪೆಟ್ಟಿಗೆ

ಮಹಾರಾಷ್ಟ್ರದ ಗಡಿಯೊಳಗೆ, ಜತ್ತ ತಾಲೂಕಿನ ತಿಕೋಂಡಿ ದಾರಿಯ ಮೇಲಿನ ಒಂದು ಕನ್ನಡ ಹಳ್ಳಿಯಲ್ಲಿ ಗೌಸನದು ಇಪ್ಪತ್ತು ವರ್ಷಗಳಿಂದ ಮೈಕ್‌ಸೆಟ್ಟಿನ ಧಂದೆ. ಮದುವೆ, ಉರುಸು, ಪ್ರಚಾರಸಭೆ, ಏನಿದ್ದರೂ ಅವನೇ ಬೇಕು. ಊರಿನ ದೊಡ್ಡವರು ಸಣ್ಣವರು ಎಲ್ಲರ ಸತ್ಕಾರ-ಸನ್ಮಾನವನ್ನೂ ಅವನ ಭೋಂಗಾ ಸ್ಪೀಕರೇ ಕೂಗಿ ಹೇಳಿತ್ತು. ಅವನಿಗೆ ಮಾತ್ರ ಯಾರೂ ಸನ್ಮಾನದ ರುಮಾಲು, ಒಂದು ಫೇಟಾ ಸುತ್ತಿರಲಿಲ್ಲ. ಒಂದೇ ಒಂದು ಸಲ ತನ್ನ ಹೆಸರನ್ನೂ ಕೂಗಿ ತಲೆಗೆ ಫೇಟಾ ಕಟ್ಟಲಿ ಎಂಬ ಆಸೆ ಅವನಿಗೆ. ಬಾಯಿಬಿಟ್ಟು ಕೇಳುವುದಕ್ಕೆ ನಾಚಿಕೆ.

2009ರಲ್ಲಿ ಆ ಆಸೆಗೆ ಜೀವ ಬಂತು. ಪುಣೆಯ ಒಂದು ಕಂಪನಿಯವರು ತಂತಿಯಿಲ್ಲದೆ ಚಿತ್ರ, ದನಿ ಕಳಿಸುವ ಎರಡು ಪೆಟ್ಟಿಗೆ ತಂದು, ಒಂದನ್ನು ಕ್ಯಾಮರಾದ ಜೊತೆ ಶಾಲೆಯ ಪಡಸಾಲೆಯಲ್ಲಿ, ಇನ್ನೊಂದನ್ನು ಎಂಬತ್ತು ಮೀಟರ್ ಆಚೆಯ ಪಂಚಾಯಿತಿಯಲ್ಲಿ ಕೂರಿಸಿದರು. ಅವು ಬಿಡುವುದು ಮಿಲಿಮೀಟರ್ ಉದ್ದದ ರೇಡಿಯೊ ಅಲೆಗಳನ್ನಂತೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಇಡೀ ಸಿನಿಮಾ ಸಾಗಿಸುತ್ತವಂತೆ. ಆದರೆ ಪಂಚಾಯಿತಿಯ ಟಿವಿಯಲ್ಲಿ ಬಂದದ್ದು ಚಿಂದಿ ಚಿಂದಿ ಚಿತ್ರ. ಕಂಪನಿಯ ಇಂಜಿನಿಯರ್ ಎರಡು ದಿನ ಲ್ಯಾಪ್‌ಟಾಪಿನ ಮುಂದೆ ತಲೆ ಕೆರೆದುಕೊಂಡ.

ಗೌಸ ಒಂದು ಗೋಣಿತಟ್ಟು ತೋಯಿಸಿ ತಂದು, ಶಾಲೆ-ಪಂಚಾಯಿತಿ ನಡುವಿನ ದಾರಿಯ ಪಕ್ಕದಲ್ಲಿದ್ದ ಸರಪಂಚ ಅಣ್ಣಾರಾಯರ ಹೊಸ ತಗಡಿನ ಶೆಡ್ಡಿಗೆ ಇಳಿಬಿಟ್ಟ. ಚಿತ್ರ ತಿಳಿಯಾಯಿತು.

"ನಿಮ್ಮ ಸಿಗ್ನಲ್ ತಗಡಿಗಿ ಬಡದು, ತಡಾ ಮಾಡಿ ಇನ್ನೊಮ್ಮಿ ಬರಾಕತ್ತೈತ್ರಿ ಸರ. ನಮ್ಮ ಭೋಂಗಾದ ಧ್ವನಿ ಗ್ವಾಡಿಗಿ ಬಡದು ಬರ್ತೈತಲ್ರಿ, ಹಂಗ."

ಪೆಟ್ಟಿಗೆಯೊಳಗೆ ಈಕ್ವಲೈಜರ್ ಇತ್ತು. ಎರಡೂ ಪೆಟ್ಟಿಗೆಗಳಿಗೆ ಗೊತ್ತಿರುವ ಒಂದು ಪಾಠವನ್ನು ಮೊದಲು ಕಳಿಸುವುದು, ಆಚೆ ಮುಟ್ಟುವಾಗ ಅದು ಎಷ್ಟು ಕೆಟ್ಟಿದೆ ಎಂದು ನೋಡಿಕೊಳ್ಳುವುದು, ಮುಂದೆ ಬರುವುದನ್ನೆಲ್ಲ ಹಾಗೆಯೇ ತಿದ್ದುವುದು ಅದರ ಕೆಲಸ. ಪುಣೆಯ ಕೋಣೆಯೊಂದರ ಗೋಡೆಗಳಿಗೆ ಹೊಂದಿಸಿದ್ದರಿಂದ, ಅಷ್ಟು ತಡವಾಗಿ ಬರುವ ಮರುದನಿಗೆ ಅದು ಕಾಯುತ್ತಿರಲಿಲ್ಲ. ಇಂಜಿನಿಯರ್ ಕಾಯುವ ಹೊತ್ತನ್ನು ಹೆಚ್ಚಿಸಿದ. ಗೋಣಿತಟ್ಟು ತೆಗೆದ ಮೇಲೂ ಚಿತ್ರ ಗಟ್ಟಿ ನಿಂತಿತು.

ಈ ಸಲ ಸತ್ಕಾರ ತಪ್ಪುವುದಿಲ್ಲ ಎಂದು ಗೌಸ ಉದ್ಘಾಟನೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಜತ್ತದಿಂದ ಬಂದ ಸಾಹೇಬರಿಗೆ ಫೇಟಾ ಆಯಿತು. ಅವರ ಡ್ರೈವರನಿಗೆ, ಇಂಜಿನಿಯರನಿಗೆ, ಪೆಟ್ಟಿಗೆ ಕೂರಿಸಲು ನಿಚ್ಚಣಿಕೆ ಕೊಟ್ಟ ಭರಮಣ್ಣನಿಗೆ ಆಯಿತು. ಉಳಿದ ಒಂದೇ ಜರಿ ಫೇಟಾವನ್ನು ಸಾಹೇಬರು ಭಕ್ತಿಯಿಂದ ಶಾಲೆಯ ಪೆಟ್ಟಿಗೆಗೆ ಸುತ್ತಿದರು. ಗೌಸ ಇಸ್ತ್ರಿ ಅಂಗಿಯ ತೋಳು ಮಡಚಿಕೊಂಡ. ಎಲ್ಲರೂ ಚಿತ್ರ ನೋಡಲು ಪಂಚಾಯಿತಿಗೆ ನಡೆದರು. ಅವನು ಪೆಟ್ಟಿಗೆ ಕಾಯುತ್ತ ಉಳಿದ.

ಸ್ವಲ್ಪ ಹೊತ್ತಿಗೆ ಪಂಚಾಯಿತಿಯಲ್ಲಿಟ್ಟ ಗೌಸನ ಮೈಕಿನಲ್ಲಿ ಅಣ್ಣಾರಾಯರು ಹರಿಹಾಯ್ದರು. "ಏ ಗೌಸ! ಟಿವಿ ಕರ್ರಗ ಐತಿ! ಏನ್ ಮಾಡಿಟ್ಟಿ?"

"ಜರಿ ಅಂದ್ರ ತಗಡಿನ ಎಳಿರಿ, ಅಡ್ಡ ಆಗೈತ್ರಿ! ಫೇಟಾ ಬಿಚ್ಚಬೇಕ್ರಿ!" ಗೌಸ ಪಡಸಾಲೆಯಿಂದಲೇ ಕೂಗಿದ.

"ಸಾಹೇಬ್ರು ಕಟ್ಟಿದ್ದು ಬಿಚ್ಚತಿ? ಅದು ಅಲ್ಲೇ ಇರಲಿ, ಈಕ್ವಲೈಜರ್ ತಿರುವು!"

"ಬಂದದ್ದು ಕೆಟ್ಟಿದ್ರ ತಿದ್ದತೈತ್ರಿ. ಬರಲಾರದ್ದನ್ನ ಏನ್ ತಿದ್ದಬೇಕ್ರಿ ಅದು?"

ಐದು ನಿಮಿಷಕ್ಕೆ ಅಪ್ಪಣೆ ಬಂತು. "ಬಿಚ್ಚು. ಆದ್ರ ನೆಲಕ್ಕ ಇಟ್ಟಿ ಅಂದ್ರ ನೋಡು! ಸಾಹೇಬ್ರ ಮಾನ ಐತಿ ಅದು."

ಗೌಸ ಬಿಚ್ಚಿದ. ನೆಲಕ್ಕೆ ಇಡುವಂತಿಲ್ಲ, ಬೆಂಚಿನ ತುಂಬ ಮಕ್ಕಳ ಪಾಟಿಚೀಲ, ಬಿಚ್ಚುವಾಗ ಓರೆಯಾದ ಪೆಟ್ಟಿಗೆ ನೆಟ್ಟಗೆ ಮಾಡಲು ಎರಡೂ ಕೈ ಬೇಕು. ಸಾಹೇಬರ ಮಾನವನ್ನು ಇಡಲು ಅವನ ತಲೆಯೊಂದೇ ಖಾಲಿ ಇತ್ತು. ಸುತ್ತಿಕೊಂಡು, ಪೆಟ್ಟಿಗೆ ಸರಿಮಾಡಿ, ಕ್ಯಾಮರಾದ ಮುಂದೆ ಹಾಯ್ದ.

ಪಂಚಾಯಿತಿಯಿಂದ ಪಟಪಟ ಚಪ್ಪಾಳೆ ಕೇಳಿಸಿತು. ಫೇಟಾ ಕಂಡೊಡನೆ ಚಪ್ಪಾಳೆ ತಟ್ಟುವುದು ಸಾಹೇಬರಿಗೆ ರೂಢಿ. "ಯಾರ್ರೀ ಇವರು?" ಎಂದು ಅವರು ಕೇಳಿದ್ದೂ ಮೈಕಿನಲ್ಲಿ ಬಂತು. ಅಣ್ಣಾರಾಯರು ತಡವರಿಸಿದರು.

"ಗೌಸ ಅಂತ್ರಿ... ಗೌಸ... ಏ ಗೌಸ, ನಿನ್ನ ಪೂರಾ ಹೆಸರು, ಅಡ್ಡಹೆಸರೇನೋ?"

ಇಪ್ಪತ್ತು ವರ್ಷ! ಗೌಸನಿಗೆ ಸಿಟ್ಟು ಬಂತು. ಕ್ಯಾಮರಾಕ್ಕೆ ಇನ್ನಷ್ಟು ಹತ್ತಿರ ಹೋಗಿ, "ಗೌಸ ದಸ್ತಗೀರ ನದಾಫ" ಎಂದು ಬಿಡಿಬಿಡಿಯಾಗಿ ಹೇಳಿದ. ಟಿವಿಯಲ್ಲಿ ಬಂದ ಆ ದನಿಯನ್ನು ಅದರ ಮುಂದಿದ್ದ ಮೈಕ್ ಹಿಡಿದು, ಅವನದೇ ಭೋಂಗಾದಿಂದ ಊರಿಗೆಲ್ಲ ಕೂಗಿತು.